ಗರ್ಭಿಣಿಯ ಮಧುಮೇಹಕ್ಕೆ ಉರಿಯೂತವೇ ಮೂಲವೆಂದರೆ ಏನರ್ಥ?

ತಿಪಟೂರಿನ ಟೀಚರ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ವಯಸ್ಸು 31, ಇದು ಮೊದಲ ಬಸಿರು, ಈಗ 27 ವಾರ ತುಂಬಿದೆ. ಕಳೆದ ವಾರ ತಾಯಿ ಕಾರ್ಡ್ ಹಿಡಿದುಕೊಂಡು ತಪಾಸಣೆಗೆ ಹೋದಾಗ 75 ಗ್ರಾಂ ಗ್ಲೂಕೋಸ್ ಕರಗಿಸಿದ ನೀರನ್ನು ಕುಡಿಸಿ, ಎರಡು ಗಂಟೆ ಕೂರಿಸಿ, ಆಮೇಲೆ ರಕ್ತ ತೆಗೆದರು. 162 ಬಂದಿತು. 140 ಮುಟ್ಟಿದರೆ ಗರ್ಭಾವಸ್ಥೆಯ ಮಧುಮೇಹವೆಂದು ಪರಿಗಣಿಸುತ್ತಾರಂತೆ. ಎರಡು ವಾರ ಊಟದಲ್ಲಿ ಪಥ್ಯ ಮಾಡಿ ಮತ್ತೆ ಬನ್ನಿ ಎಂದು ಕಳುಹಿಸಿದ್ದಾರೆ.

ನಾನು ದಪ್ಪಗಿಲ್ಲ. ಬಸಿರಾಗುವ ಮೊದಲು 54 ಕಿಲೋ ಇದ್ದೆ, ಬಿಎಂಐ 22. ತಂದೆಗೆ ಸಕ್ಕರೆ ಕಾಯಿಲೆ ಇದೆ ಎಂಬುದನ್ನು ಬಿಟ್ಟರೆ ನನಗೇಕೆ ಬಂತೆಂದು ತಿಳಿಯುತ್ತಿಲ್ಲ. ಬೆಂಗಳೂರಿನಲ್ಲಿರುವ ನಮ್ಮ ಅತ್ತಿಗೆ ಓದಿಕೊಂಡವರು. ಅವರು ಫೋನು ಮಾಡಿ, ಇದಕ್ಕೆಲ್ಲ ಮೂಲ ದೇಹದೊಳಗಿನ ಉರಿಯೂತ, ಅದರಿಂದಲೇ ದೇಹ ಇನ್ಸುಲಿನ್ನಿಗೆ ಸರಿಯಾಗಿ ಸ್ಪಂದಿಸದ ಇನ್ಸುಲಿನ್ ಪ್ರತಿರೋಧ ಹುಟ್ಟುವುದು, ಉರಿಯೂತವನ್ನು ಇಳಿಸಿದರೆ ಸಕ್ಕರೆ ತಾನಾಗಿಯೇ ಇಳಿಯುತ್ತದೆ ಎಂದರು. ಅರಿಶಿನದ ಸಾರದ ಕ್ಯಾಪ್ಸೂಲು, ಮೀನೆಣ್ಣೆ, ಪ್ರೊಬಯಾಟಿಕ್ ಎಂದು ಒಂದು ಪಟ್ಟಿಯನ್ನೂ ಕಳುಹಿಸಿದ್ದಾರೆ. ಸಿಆರ್‌ಪಿ ಎಂಬ, ರಕ್ತದಲ್ಲಿ ಉರಿಯೂತದ ಮಟ್ಟ ತೋರಿಸುವ ಪರೀಕ್ಷೆ ಮಾಡಿಸಿಕೋ ಎಂದೂ ಹೇಳಿದ್ದಾರೆ.

ಉರಿಯೂತವೆಂದರೆ ಕೆಂಪಾಗುವುದು, ಬಿಸಿಯಾಗುವುದು, ಊದಿಕೊಳ್ಳುವುದು, ನೋಯುವುದು ಎಂದು ಮಕ್ಕಳಿಗೆ ಹೇಳಿಕೊಡುವವಳು ನಾನೇ. ನನಗೆ ಎಲ್ಲಿಯೂ ಉರಿಯಿಲ್ಲ, ಊತವೂ ಇಲ್ಲ. ಹಾಗಿದ್ದ ಮೇಲೆ ಯಾವ ಉರಿಯೂತ ಇದು? ಅದು ನಿಜವಾಗಿಯೂ ಕಾರಣವೋ, ಅಥವಾ ಮಧುಮೇಹದ ಜೊತೆಗೆ ಕಾಣಿಸಿಕೊಳ್ಳುವ ಇನ್ನೊಂದು ಬದಲಾವಣೆಯೋ? ಅತ್ತಿಗೆಯವರ ಪಟ್ಟಿಯಲ್ಲಿ ಯಾವುದಾದರೂ ತೆಗೆದುಕೊಳ್ಳಬಹುದೇ? ತಿಳಿದವರು ಸ್ವಲ್ಪ ವಿವರವಾಗಿಯೇ ಬರೆಯಬೇಕೆಂದು ಕೋರುತ್ತೇನೆ.

ನಿವೃತ್ತ ಮೇಷ್ಟ್ರು, ದಾವಣಗೆರೆ

ಟೀಚರಮ್ಮನವರಿಗೆ ನಮಸ್ಕಾರ. ನಾನು ವೈದ್ಯಕೀಯ ಕಾಲೇಜೊಂದರಲ್ಲಿ ಬಹಳ ವರ್ಷ ಶರೀರಕ್ರಿಯಾಶಾಸ್ತ್ರ ಪಾಠ ಮಾಡಿದವನು. ರೋಗಿಗಳನ್ನು ನೋಡಿದವನಲ್ಲ, ಆದ್ದರಿಂದ ಔಷಧಿಯ ಮಾತನ್ನು ವೈದ್ಯರಿಗೆ ಬಿಟ್ಟು ಒಳಗೆ ಏನು ನಡೆಯುತ್ತದೆ ಎಂಬುದನ್ನಷ್ಟೇ ಹೇಳುತ್ತೇನೆ.

ಉರಿಯೂ ಊತವೂ ಇಲ್ಲದ ಉರಿಯೂತ ಯಾವುದು ಎಂಬ ನಿಮ್ಮ ತಕರಾರು ನ್ಯಾಯವಾದದ್ದೇ. ಗಾಯವಾದಾಗ ಕಾಣುವ ಉರಿಯೂತ ಕೆಲವು ದಿನಗಳಲ್ಲಿ ಹೊತ್ತಿ ಆರಿಹೋಗುತ್ತದೆ. ಇಲ್ಲಿ ಹೇಳುತ್ತಿರುವುದು ಬೂದಿ ಮುಚ್ಚಿದ ಕೆಂಡ: ಕೊಬ್ಬಿನ ಅಂಗಾಂಶದಲ್ಲಿ ಬಂದು ಸೇರಿಕೊಂಡ ರಕ್ಷಣಾ ಕೋಶಗಳೂ, ಕೊಬ್ಬಿನ ಕೋಶಗಳೂ, ಬಸಿರಿನಲ್ಲಿ ಮಾಸೂ (ಪ್ಲಾಸೆಂಟಾ) ಕೂಡ ಟಿಎನ್‌ಎಫ್-ಆಲ್ಫಾ, ಇಂಟರ್‌ಲ್ಯೂಕಿನ್-6 ಮೊದಲಾದ ಸಂದೇಶವಾಹಕ ಪ್ರೋಟೀನುಗಳನ್ನು ಸಣ್ಣ ಪ್ರಮಾಣದಲ್ಲಿ, ಆದರೆ ಬಿಡದೆ ರಕ್ತಕ್ಕೆ ಸೇರಿಸುತ್ತಿರುತ್ತವೆ. ನೋವಿಲ್ಲ, ಜ್ವರವಿಲ್ಲ. ಗಾಯದ ಉರಿಯೂತದಲ್ಲಿ ಕೆಲಸ ಮಾಡುವ ಪ್ರೋಟೀನುಗಳೇ ಇಲ್ಲಿಯೂ ಕಾಣಿಸುವುದರಿಂದ ಅದೇ ಹೆಸರು ಅಂಟಿಕೊಂಡಿದೆ.

ಇನ್ನು ಇನ್ಸುಲಿನ್ ಪ್ರತಿರೋಧದ ವಿಚಾರ. ಇದನ್ನು ಮೊದಲಿಗೇ ರೋಗವೆಂದುಕೊಳ್ಳಬೇಡಿ. ಆರೋಗ್ಯವಂತ ಗರ್ಭಿಣಿಯಲ್ಲಿಯೂ ಕೊನೆಯ ತಿಂಗಳುಗಳ ಹೊತ್ತಿಗೆ ಇನ್ಸುಲಿನ್ನಿನ ಕೆಲಸ ಬಸಿರಿನ ಮುಂಚಿನ ಅರ್ಧಕ್ಕೆ, ಕೆಲವರಲ್ಲಿ ಅದಕ್ಕಿಂತಲೂ ಕೆಳಕ್ಕೆ ಇಳಿಯುತ್ತದೆ. ಹಳೆಯ ಮೈಸೂರು ಸೀಮೆಯ ಕೆರೆಗಳಲ್ಲಿ ಗದ್ದೆಗಳಿಗೆ ನೀರು ಹಂಚುವ ನೀರುಗಂಟಿ ಇರುತ್ತಿದ್ದನಲ್ಲ, ಅವನನ್ನು ನೆನೆಸಿಕೊಳ್ಳಿ. ಮೇಲಿನ ಗದ್ದೆಗಳ ಮಡೆಗಳನ್ನೆಲ್ಲ ಪೂರಾ ತೆರೆದಿಟ್ಟರೆ ಅಚ್ಚುಕಟ್ಟಿನ ತುದಿಯ ಗದ್ದೆಗೆ ನೀರು ತಲುಪುವುದಿಲ್ಲ. ಆದ್ದರಿಂದ ತುದಿಯಲ್ಲಿ ಹೊಸ ನಾಟಿ ಇರುವಾಗ ಮೇಲಿನ ಮಡೆಗಳನ್ನು ಅರ್ಧ ಕಟ್ಟುತ್ತಾರೆ. ತಾಯಿಯ ಸ್ನಾಯುಗಳು ಮೇಲಿನ ಗದ್ದೆ, ಹೊಟ್ಟೆಯಲ್ಲಿರುವ ಮಗು ತುದಿಯ ಗದ್ದೆ, ಮಡೆ ತೆರೆಯುವ ನೀರುಗಂಟಿ ಇನ್ಸುಲಿನ್. ಮಾಸು ತಯಾರಿಸುವ ಲ್ಯಾಕ್ಟೋಜೆನ್, ಮಾಸಿನದೇ ಆದ ಬೆಳವಣಿಗೆಯ ಹಾರ್ಮೋನು, ಪ್ರೊಜೆಸ್ಟಿರಾನ್, ಜೊತೆಗೆ ಏರುವ ಕಾರ್ಟಿಸಾಲ್ ಇವೆಲ್ಲ ಸೇರಿ ತಾಯಿಯ ಸ್ನಾಯು ಗ್ಲೂಕೋಸನ್ನು ತಾನೇ ಹೀರಿಕೊಳ್ಳದಂತೆ ತಡೆದು, ಅವಳು ಕೊಬ್ಬನ್ನು ಉರಿಸಿಕೊಂಡು ಗ್ಲೂಕೋಸನ್ನು ಮಗುವಿಗೆ ಉಳಿಸುವ ಹಾಗೆ ಮಾಡುತ್ತವೆ. ಇದು ಹೊರೆಯಾದಾಗ ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳು ಇನ್ಸುಲಿನ್ನನ್ನು ಎರಡು ಮೂರು ಪಟ್ಟು ಹೆಚ್ಚಾಗಿ ಸುರಿಸಿ ಸರಿದೂಗಿಸುತ್ತವೆ. ಸರಿದೂಗಿಸಲು ಆಗದವರಲ್ಲಿ ಮಾತ್ರ ಸಕ್ಕರೆ ಏರುತ್ತದೆ. ಏರಿದ ಸಕ್ಕರೆ ಮಾಸನ್ನು ದಾಟಿ ಮಗುವಿಗೆ ಹೋಗುತ್ತದೆ, ತಾಯಿಯ ಇನ್ಸುಲಿನ್ ದಾಟುವುದಿಲ್ಲ. ಆಗ ಮಗುವಿನ ಮೇದೋಜೀರಕ ತಾನೇ ಹೆಚ್ಚು ಇನ್ಸುಲಿನ್ ತಯಾರಿಸಿ, ಮಗು ಅಳತೆ ಮೀರಿ ಬೆಳೆಯುತ್ತದೆ ಎಂದು ಕೋಪನ್‌ಹೇಗನ್ನಿನ ಯೋರ್ಗನ್ ಪೆಡರ್ಸನ್ 1950ರ ದಶಕದಲ್ಲಿಯೇ ವಿವರಿಸಿದ್ದರು. ನಮ್ಮ ಹೋಲಿಕೆಯಲ್ಲಿ ಹೇಳುವುದಾದರೆ ತುದಿಯ ಗದ್ದೆಯಲ್ಲಿ ನೀರು ನಿಂತು ಪೈರು ಕೊಳೆಯುವ ಸ್ಥಿತಿ.

ಉರಿಯೂತ ಇದರೊಳಗೆ ಎಲ್ಲಿ ಬರುತ್ತದೆ? ಇನ್ಸುಲಿನ್ ಕೋಶದ ಹೊರಗಿನ ಗ್ರಾಹಿಗೆ ತಾಗಿದಾಗ ಒಳಗಿರುವ ಐಆರ್‌ಎಸ್-1 ಎಂಬ ಪ್ರೋಟೀನಿನ ಟೈರೋಸಿನ್ ಜಾಗಗಳಲ್ಲಿ ಫಾಸ್ಫೇಟ್ ಕೂರುತ್ತದೆ. ಆ ಸಂಕೇತ ಸಾಗಿದಾಗ ಗ್ಲುಟ್-4 ಎಂಬ ಸಾಗಣೆ ಪ್ರೋಟೀನು ಕೋಶದ ಅಂಚಿಗೆ ಬಂದು ಗ್ಲೂಕೋಸನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಟಿಎನ್‌ಎಫ್-ಆಲ್ಫಾ ಇದ್ದಾಗ ಜೆಎನ್‌ಕೆ ಮುಂತಾದ ಕಿಣ್ವಗಳು ಎಚ್ಚೆತ್ತು ಅದೇ ಪ್ರೋಟೀನಿನ ಸೆರೀನ್ ಜಾಗಗಳಲ್ಲಿ ಫಾಸ್ಫೇಟ್ ಕೂರಿಸುತ್ತವೆ, ಆಗ ಸಂಕೇತ ಅರ್ಧ ದಾರಿಯಲ್ಲೇ ತೊದಲುತ್ತದೆ. ನೀರುಗಂಟಿ ಬಂದಿದ್ದಾನೆ, ಗುದ್ದಲಿಯೂ ಇದೆ, ಆದರೆ ಮಡೆಯಲ್ಲಿ ಹೂಳು ತುಂಬಿದೆ. 1993ರಲ್ಲಿ ಹಾಟಮಿಸ್ಲಿಗಿಲ್, ಸ್ಪೀಗಲ್‌ಮನ್ ಮತ್ತು ಸಂಗಡಿಗರು ಬೊಜ್ಜಿನ ಇಲಿಗಳ ಕೊಬ್ಬಿನಲ್ಲಿ ಟಿಎನ್‌ಎಫ್-ಆಲ್ಫಾ ಹೆಚ್ಚಿರುವುದನ್ನೂ, ಅದನ್ನು ತಟಸ್ಥಗೊಳಿಸಿದರೆ ಇನ್ಸುಲಿನ್ ಮತ್ತೆ ಚೆನ್ನಾಗಿ ಕೆಲಸ ಮಾಡುವುದನ್ನೂ ತೋರಿಸಿದ ಮೇಲೆ ಈ ವಿಚಾರಕ್ಕೆ ಬಲ ಬಂತು.

ಬಸಿರಿಗೆ ನೇರವಾಗಿ ಸಂಬಂಧಿಸಿದ್ದು 2002ರ ಕಿರ್ವನ್ ಮತ್ತು ಕ್ಯಾಟಲಾನೊ ತಂಡದ ಅಧ್ಯಯನ. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಕೇವಲ 15 ಮಹಿಳೆಯರನ್ನು ಬಸಿರಿಗೆ ಮುಂಚೆ, ಮೊದಲ ತಿಂಗಳುಗಳಲ್ಲಿ, ಕೊನೆಯ ತಿಂಗಳುಗಳಲ್ಲಿ ಹೀಗೆ ಮೂರು ಸಲ ಬಹಳ ಶ್ರಮದ ವಿಧಾನದಿಂದ ಅಳೆದರು. ಇನ್ಸುಲಿನ್ ಸಂವೇದನೆ ಎಷ್ಟು ಕುಸಿಯಿತು ಎಂಬುದಕ್ಕೆ ಹೆಚ್ಚು ಹೊಂದಿಕೆಯಾದದ್ದು ಟಿಎನ್‌ಎಫ್-ಆಲ್ಫಾದ ಏರಿಕೆ. ಅಲ್ಲಿಯವರೆಗೆ ಎಲ್ಲರೂ ಬೊಟ್ಟು ಮಾಡುತ್ತಿದ್ದ ಮಾಸಿನ ಲ್ಯಾಕ್ಟೋಜೆನ್, ಪ್ರೊಜೆಸ್ಟಿರಾನ್, ಕಾರ್ಟಿಸಾಲ್ ಅಷ್ಟು ಹೊಂದಿಕೆಯಾಗಲಿಲ್ಲ. ಮಾಸು ತಯಾರಿಸುವ ಟಿಎನ್‌ಎಫ್-ಆಲ್ಫಾದಲ್ಲಿ ಶೇಕಡ 94ರಷ್ಟು ತಾಯಿಯ ಕಡೆಗೇ ಹೋಗುತ್ತದೆಂದೂ ಅದೇ ತಂಡ ಕಂಡಿತು. ನಿಮ್ಮ ಅತ್ತಿಗೆಯವರ ಮಾತಿಗೆ ಮೂಲ ಬಹುಶಃ ಇಲ್ಲಿಂದ ಹೊರಟ ಸಾಹಿತ್ಯವೇ.

ಆದರೆ ಹದಿನೈದು ಜನರ ಹೊಂದಾಣಿಕೆಯಿಂದ ಕಾರಣ ಸಾಬೀತಾಗುವುದಿಲ್ಲ. ಮೊದಲ ಮೂರು ತಿಂಗಳಲ್ಲಿ ಸಿಆರ್‌ಪಿ ಹೆಚ್ಚಿದ್ದವರಿಗೆ ಮುಂದೆ ಈ ಮಧುಮೇಹ ಹೆಚ್ಚಾಗಿ ಬರುತ್ತದೆಂದು 2003ರಲ್ಲಿ ಒಂದು ಅಧ್ಯಯನ ಹೇಳಿದಾಗ, ದೇಹದ ತೂಕವನ್ನು ಲೆಕ್ಕಕ್ಕೆ ತೆಗೆದುಕೊಂಡೊಡನೆ ಆ ಸಂಬಂಧ ಬಹುಮಟ್ಟಿಗೆ ಸಡಿಲಗೊಂಡಿತು. ಎಂದರೆ ಕೊಬ್ಬು ಎರಡನ್ನೂ ಒಟ್ಟಿಗೆ ಹೊತ್ತು ತರುತ್ತಿರಬಹುದು.

ನಿಮಗೇಕೆ ಬಂತು ಎಂಬ ಪ್ರಶ್ನೆಗೆ ಒಂದು ಮಾತು. ಬಿಎಂಐ 22 ಎಂಬುದು ಯುರೋಪಿನವರಲ್ಲಿ ಹೇಳುವ ಕಥೆಯನ್ನೇ ನಮ್ಮವರಲ್ಲಿ ಹೇಳುವುದಿಲ್ಲ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ತಂಡ ತೋರಿಸಿದಂತೆ ನಮ್ಮ ನವಜಾತ ಶಿಶುಗಳೇ ತೂಕದಲ್ಲಿ ಹಗುರ, ಸ್ನಾಯುವಿನಲ್ಲಿ ಬಡಕಲು, ಆದರೆ ಕೊಬ್ಬಿನಲ್ಲಿ ಅಷ್ಟೇನೂ ಬಡವರಲ್ಲ. ದೊಡ್ಡವರಾದ ಮೇಲೆ ಆ ಕೊಬ್ಬು ತೋಳಿಗಿಂತ ಹೊಟ್ಟೆಯೊಳಗೆ ಸೇರುತ್ತದೆ. ಕನ್ನಡಿಯಲ್ಲಿ ತೆಳ್ಳಗೆ ಕಾಣುವವರಲ್ಲಿಯೂ ಹೊರೆ ಇರಬಹುದು. ಅದರ ಮೇಲೆ ತಂದೆಯ ಕಡೆಯಿಂದ ಬಂದ ಬೀಟಾ ಕೋಶಗಳ ದೌರ್ಬಲ್ಯ ಸೇರಿದರೆ ಬಸಿರಿನ ಹೊರೆಗೆ ಅದು ಬಯಲಾಗುತ್ತದೆ.

ಮೈಸೂರಿನ ಇಬ್ಬರು ಮಕ್ಕಳ ತಾಯಿ

ಮೇಷ್ಟ್ರು ಬರೆದಷ್ಟು ಶಾಸ್ತ್ರ ನನಗೆ ಗೊತ್ತಿಲ್ಲ, ಅನುಭವಿಸಿದವಳಾಗಿ ಬರೆಯುತ್ತಿದ್ದೇನೆ. ಟೀಚರ್, ನೀವು ನನ್ನ ತಂಗಿಯ ವಯಸ್ಸಿನವರು. ಎರಡನೆಯ ಮಗುವಿನ ಬಸಿರಿನಲ್ಲಿ ನನಗೂ ಇದೇ ಬಂತು. ಆಗ ಎಲ್ಲರೂ ಹೇಳಿದ್ದು ಒಂದೇ: ಅನ್ನ ಬಿಡು, ಮುದ್ದೆ ತಿನ್ನು. ನಾನು ಅನ್ನ ಬಿಟ್ಟು ಎರಡು ಮುದ್ದೆ ಉಣ್ಣತೊಡಗಿದೆ, ಸಕ್ಕರೆ ಒಂದಿಷ್ಟೂ ಇಳಿಯಲಿಲ್ಲ. ರಾಗಿಯೂ ಹಿಟ್ಟೇ ತಾನೆ? ಆಮೇಲೆ ಮನೆಗೆ ಮೀಟರು ತಂದುಕೊಂಡು ಊಟಕ್ಕೆ ಮುಂಚೆ ಮತ್ತು ಊಟವಾಗಿ ಎರಡು ಗಂಟೆಗೆ ಚುಚ್ಚಿ ನೋಡಿಕೊಳ್ಳುತ್ತ ಬಂದಾಗ ನನ್ನ ದೇಹದ ಲೆಕ್ಕ ನನಗೆ ತಿಳಿಯಿತು. ಬೆಳಿಗ್ಗೆ ಮೂರು ಇಡ್ಲಿ ತಿಂದರೆ ಏರುವಷ್ಟು ಸಕ್ಕರೆ ರಾತ್ರಿ ಮೂರು ಇಡ್ಲಿ ತಿಂದರೆ ಏರುತ್ತಿರಲಿಲ್ಲ. ಹಾಗಾಗಿ ಬೆಳಗಿನ ತಿಂಡಿಯನ್ನು ಒಂದೂವರೆ ಇಡ್ಲಿ, ಒಂದು ಬೇಯಿಸಿದ ಮೊಟ್ಟೆ ಅಥವಾ ಮೊಳಕೆ ಕಾಳಿನ ಉಸಲಿಗೆ ಇಳಿಸಿ, ಉಳಿದದ್ದನ್ನು ಹತ್ತೂವರೆಗೆ ತಿನ್ನುತ್ತಿದ್ದೆ. ಮಧ್ಯಾಹ್ನ ಸಣ್ಣದೊಂದು ಮುದ್ದೆ, ಬಸ್ಸಾರು, ಪಲ್ಯ, ಮಜ್ಜಿಗೆ. ಪ್ರತಿ ಊಟದ ಮೇಲೆ ಕಾಲು ಗಂಟೆ ಅಂಗಳದಲ್ಲಿಯೇ ಓಡಾಡುತ್ತಿದ್ದೆ. ನನ್ನ ಮಟ್ಟಿಗೆ ಹೆಚ್ಚು ಗುಣ ಕಂಡದ್ದು ಆ ಓಡಾಟದಿಂದ. ಕೊನೆಯ ಆರು ವಾರ ರಾತ್ರಿ ಇನ್ಸುಲಿನ್ನೂ ಬೇಕಾಯಿತು. ಅದನ್ನು ಸೋಲು ಎಂದುಕೊಂಡು ಎರಡು ದಿನ ಅತ್ತಿದ್ದೆ, ಈಗ ನೆನೆಸಿಕೊಂಡರೆ ನಗು ಬರುತ್ತದೆ.

ನಾನು ಬರೆಯಲು ಕೂತದ್ದು ಇನ್ನೊಂದು ಕಾರಣಕ್ಕೆ. ಹೆರಿಗೆಯಾದ ಮಾರನೆಯ ದಿನವೇ ಸಕ್ಕರೆ ಸರಿಯಾಯಿತು. ಎಲ್ಲರೂ ಖುಷಿಪಟ್ಟರು, ನಾನೂ ಮರೆತೆ. ಆರು ವಾರಕ್ಕೆ ಮತ್ತೆ ಪರೀಕ್ಷೆ ಮಾಡಿಸಬೇಕೆಂದು ಯಾರೂ ಹೇಳಲಿಲ್ಲ, ಹೇಳಿದ್ದರೂ ಬಾಣಂತನದ ಕೋಣೆಯಿಂದ ಯಾರು ಕಳುಹಿಸುತ್ತಿದ್ದರು? ತುಪ್ಪ, ಕೊಬ್ಬರಿ, ಅಂಟಿನುಂಡೆ ನಡೆಯುತ್ತಲೇ ಇತ್ತು. ನಾಲ್ಕು ವರ್ಷದ ಮೇಲೆ ಕಣ್ಣು ಮಂಜಾಗುತ್ತಿದೆಯೆಂದು ಕನ್ನಡಕಕ್ಕೆ ಹೋದಾಗ ಸಕ್ಕರೆ ಕಾಯಿಲೆ ಹೊರಬಿತ್ತು. ಆಮೇಲೆ ತಿಳಿದುಕೊಂಡೆ: ನಮ್ಮ ಮೈಸೂರಿನಲ್ಲೇ, ಊರವರು ಮಿಷನ್ ಆಸ್ಪತ್ರೆ ಎನ್ನುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, 1997-98ರಲ್ಲಿ ಬಸುರಿಯರನ್ನು ಸೇರಿಸಿಕೊಂಡು ಅವರನ್ನೂ ಅವರ ಮಕ್ಕಳನ್ನೂ ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ ಅಧ್ಯಯನವಿದೆ. ಅಲ್ಲಿ ಶೇಕಡ 6ರಷ್ಟು ಬಸುರಿಯರಲ್ಲಿ ಈ ಮಧುಮೇಹ ಕಂಡಿತ್ತು. ಐದು ವರ್ಷದ ನಂತರ ಅವರನ್ನು ಮತ್ತೆ ಪರೀಕ್ಷಿಸಿದಾಗ ಬಸಿರಿನಲ್ಲಿ ಮಧುಮೇಹ ಬಂದಿದ್ದವರ ಪೈಕಿ ಶೇಕಡ 37 ಜನ ಮಧುಮೇಹಿಗಳಾಗಿದ್ದರು, ಬಾರದೆ ಇದ್ದವರಲ್ಲಿ ಶೇಕಡ 2. ನಾನು ಹೆತ್ತ ಊರಿನದೇ ಲೆಕ್ಕ ಇದು, ನನಗೆ ತಲುಪಿದ್ದು ಕಾಯಿಲೆ ಬಂದ ಮೇಲೆ.

ತಾಲ್ಲೂಕು ಆಸ್ಪತ್ರೆಯ ಪ್ರಸೂತಿ ವೈದ್ಯೆ

ಮೇಷ್ಟ್ರ ವಿವರಣೆಯನ್ನು ಮೆಚ್ಚಿಕೊಂಡು ಓದಿದೆ, ಆದರೆ ಅವರ ಹೂಳಿನ ಹೋಲಿಕೆಯ ಬಗ್ಗೆ ಒಂದು ಆಕ್ಷೇಪವಿದೆ. ಹೂಳೆಂದ ಕೂಡಲೇ ಅದನ್ನು ಎತ್ತಿ ಹಾಕಿದರೆ ನೀರು ಹರಿಯುತ್ತದೆಂಬ ಆಸೆ ಹುಟ್ಟುತ್ತದೆ, ಅತ್ತಿಗೆಯವರ ಪಟ್ಟಿ ಹುಟ್ಟಿರುವುದೂ ಅದೇ ಆಸೆಯಿಂದ. ಮನುಷ್ಯರಲ್ಲಿ ಹೂಳೆತ್ತಿ ನೋಡಿದವರು ಇದ್ದಾರೆ. ಇಲಿಗಳಲ್ಲಿ ಅಷ್ಟು ಚೆನ್ನಾಗಿ ಕೆಲಸ ಮಾಡಿದ ಟಿಎನ್‌ಎಫ್ ತಡೆಯುವ ವಿಧಾನವನ್ನು 1996ರಲ್ಲಿ ಬೊಜ್ಜಿರುವ ಮಧುಮೇಹಿಗಳಿಗೆ ಪ್ರತಿಕಾಯದ ರೂಪದಲ್ಲಿ ಕೊಟ್ಟಾಗ ಇನ್ಸುಲಿನ್ ಸಂವೇದನೆ ಸುಧಾರಿಸಲಿಲ್ಲ. ಹತ್ತು ಸಾವಿರಕ್ಕೂ ಹೆಚ್ಚು ಹೃದ್ರೋಗಿಗಳಲ್ಲಿ ನಡೆದ, 2017ರಲ್ಲಿ ಫಲಿತಾಂಶ ಹೊರಬಿದ್ದ ಕ್ಯಾಂಟೋಸ್ ಪ್ರಯೋಗದಲ್ಲಿ ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಉರಿಯೂತದ ಪ್ರೋಟೀನನ್ನು ತಡೆಯುವ ಔಷಧಿ ಸಿಆರ್‌ಪಿಯನ್ನು ಚೆನ್ನಾಗಿಯೇ ಇಳಿಸಿತು, ಹೃದಯಾಘಾತಗಳನ್ನೂ ಕಡಿಮೆ ಮಾಡಿತು, ಆದರೆ ಹೊಸದಾಗಿ ಮಧುಮೇಹ ಬರುವುದನ್ನು ತಡೆಯಲಿಲ್ಲ. ಅದಕ್ಕಿಂತ ಬಹಳ ಹಿಂದೆ, 1876ರಲ್ಲಿ, ಜರ್ಮನಿಯ ಎಬ್‌ಸ್ಟೀನ್ ಎಂಬ ವೈದ್ಯರು ಸೋಡಿಯಂ ಸ್ಯಾಲಿಸಿಲೇಟನ್ನು ದೊಡ್ಡ ಪ್ರಮಾಣದಲ್ಲಿ ಕೊಟ್ಟಾಗ ಮೂತ್ರದ ಸಕ್ಕರೆ ಇಳಿದದ್ದನ್ನು ಬರೆದಿಟ್ಟಿದ್ದರು. ಅಷ್ಟು ಪ್ರಮಾಣವನ್ನು ಬಸುರಿಗೆ ಕೊಡುವ ಮಾತೇ ಇಲ್ಲ. ಉರಿಯೂತದ ಎಳೆ ಸುಳ್ಳಲ್ಲ, ಆ ಒಂದು ಎಳೆಯನ್ನು ಹಿಡಿದು ಜಗ್ಗಿದರೆ ಇಡೀ ಗಂಟು ಬಿಚ್ಚುವುದಿಲ್ಲ.

ಪಟ್ಟಿಯನ್ನು ಒಂದೊಂದಾಗಿ ನೋಡೋಣ. ಅಡುಗೆಯಲ್ಲಿ ಹಾಕುವ ಅರಿಶಿನದಿಂದ ಯಾವ ತೊಂದರೆಯೂ ಇಲ್ಲ. ಹಾಲಿಗೆ ಚಿಟಿಕೆ ಹಾಕಿಕೊಂಡರೂ ಇಲ್ಲ, ಬೆಲ್ಲ ಸಕ್ಕರೆ ಬೆರೆಸಬೇಡಿ ಅಷ್ಟೆ. ಆದರೆ ಸಾಂದ್ರೀಕರಿಸಿದ ಸಾರಕ್ಕೆ ಮೆಣಸಿನ ಸಾರವನ್ನು ಸೇರಿಸಿದ ಕ್ಯಾಪ್ಸೂಲುಗಳು ಬೇರೆ ಮಾತು. ಅಂಥವುಗಳಿಂದ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳು ವರದಿಯಾಗಿವೆ, ಬಸಿರಿನಲ್ಲಿ ನಾನು ಖಂಡಿತವಾಗಿ ಬೇಡವೆನ್ನುತ್ತೇನೆ. ಮೀನೆಣ್ಣೆಯ ಡಿಎಚ್ಎ ಅಂಶವನ್ನು ಆಸ್ಟ್ರೇಲಿಯಾದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಗರ್ಭಿಣಿಯರಲ್ಲಿ ಪರೀಕ್ಷಿಸಿದ್ದಾರೆ, ಈ ಮಧುಮೇಹದ ಅಪಾಯ ಅದರಿಂದ ಕಡಿಮೆಯಾಗಲಿಲ್ಲ. ಪ್ರೊಬಯಾಟಿಕ್ಕಿನ ವಿಚಾರದಲ್ಲಿ ಇನ್ನೂ ಎಚ್ಚರ ಬೇಕು. ಅದರಿಂದ ಮಧುಮೇಹ ತಡೆಯುವುದು ಕಂಡುಬರಲಿಲ್ಲವಷ್ಟೇ ಅಲ್ಲ, ಹಲವು ಪ್ರಯೋಗಗಳನ್ನು ಒಟ್ಟಿಗೆ ನೋಡಿದ 2021ರ ಕಾಕ್ರೇನ್ ವಿಮರ್ಶೆಯಲ್ಲಿ ಬಸಿರಿನ ರಕ್ತದೊತ್ತಡದ ತೊಂದರೆಯಾದ ಪ್ರಿಎಕ್ಲಾಂಪ್ಸಿಯಾ ಹೆಚ್ಚುವ ಸೂಚನೆ ಸಿಕ್ಕಿತು. ಮನೆಯಲ್ಲಿ ಹೆಪ್ಪು ಹಾಕಿದ ಮೊಸರು ಮಜ್ಜಿಗೆಯ ಬಗ್ಗೆ ಈ ಮಾತಲ್ಲ, ಅವನ್ನು ಧಾರಾಳವಾಗಿ ಬಳಸಿ. ಇನ್ನು ಯಾರಾದರೂ ಉರಿಯೂತಕ್ಕೆಂದು ನೋವಿನ ಮಾತ್ರೆ ಸೂಚಿಸಿದರೆ ತೆಗೆದುಕೊಳ್ಳಲೇಬೇಡಿ. ಐಬುಪ್ರೊಫೆನ್ ಗುಂಪಿನ ಮಾತ್ರೆಗಳನ್ನು 20 ವಾರದ ನಂತರ ತಪ್ಪಿಸಬೇಕು, ಅವು ಮಗುವಿನ ಮೂತ್ರಪಿಂಡಕ್ಕೂ, ತಿಂಗಳು ತುಂಬುತ್ತಾ ಬಂದಾಗ ಹೃದಯದ ಬಳಿಯ ಒಂದು ಮುಖ್ಯ ರಕ್ತನಾಳಕ್ಕೂ ತೊಂದರೆ ಕೊಡುತ್ತವೆ. ಪ್ರಿಎಕ್ಲಾಂಪ್ಸಿಯಾ ತಡೆಗೆಂದು ವೈದ್ಯರು ಬರೆದುಕೊಡುವ ಕಡಿಮೆ ಪ್ರಮಾಣದ ಆಸ್ಪಿರಿನ್ ಬೇರೆ ಉದ್ದೇಶದ್ದು, ಅದನ್ನು ನೀವಾಗಿ ಶುರು ಮಾಡಬಾರದು, ಬರೆದುಕೊಟ್ಟಿದ್ದರೆ ನೀವಾಗಿ ಬಿಡಲೂಬಾರದು.

ಸಿಆರ್‌ಪಿ ಪರೀಕ್ಷೆಗೆ ಹಣ ಕೊಡಬೇಡಿ. ಬಸಿರಿನಲ್ಲಿ ಅದು ಸಹಜವಾಗಿಯೇ ಸ್ವಲ್ಪ ಏರುತ್ತದೆ, ನೆಗಡಿ ಬಂದರೂ ಹಲ್ಲಿನ ವಸಡು ಕೆಟ್ಟರೂ ಏರುತ್ತದೆ, ಎಷ್ಟೇ ಬಂದರೂ ನಿಮ್ಮ ಚಿಕಿತ್ಸೆ ಬದಲಾಗುವುದಿಲ್ಲ. ನಮಗೆ ಬೇಕಾಗಿರುವುದು ಸಕ್ಕರೆಯ ಅಂಕಿ. ಬರಿಹೊಟ್ಟೆಯಲ್ಲಿ 95ರ ಒಳಗೆ, ಊಟವಾಗಿ ಎರಡು ಗಂಟೆಗೆ 120ರ ಒಳಗೆ ಇರಬೇಕು. ಎರಡು ವಾರದ ಪಥ್ಯದ ನಂತರವೂ 120 ದಾಟುತ್ತಿದ್ದರೆ ಮೆಟ್‌ಫಾರ್ಮಿನ್ ಅಥವಾ ಇನ್ಸುಲಿನ್. ಮೆಟ್‌ಫಾರ್ಮಿನ್ ಮಾತ್ರೆ ಸುಲಭ, ಆದರೆ ಮಾಸನ್ನು ದಾಟಿ ಮಗುವನ್ನೂ ತಲುಪುತ್ತದೆ. 2008ರಲ್ಲಿ ಪ್ರಕಟವಾದ ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯಾದ ಪ್ರಯೋಗದಲ್ಲಿ ಅದನ್ನು ತೆಗೆದುಕೊಂಡವರ ಪೈಕಿ ಶೇಕಡ 46 ಜನರಿಗೆ ಮೇಲಿಂದ ಇನ್ಸುಲಿನ್ನೂ ಬೇಕಾಯಿತು. ಎಚ್‌ಬಿಎ1ಸಿ ಎಂಬ, ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆಯೊಂದನ್ನೇ ನಂಬಿ ಕೂರಬೇಡಿ. ಬಸಿರಿನಲ್ಲಿ ಕೆಂಪು ರಕ್ತಕಣಗಳು ಬೇಗ ಬದಲಾಗುತ್ತವೆ, ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆಯೂ ಹೆಚ್ಚು, ಹಾಗಾಗಿ ಆ ಅಂಕಿ ಮೋಸ ಮಾಡುತ್ತದೆ. ನೀವು ಶುದ್ಧ ಸಸ್ಯಾಹಾರಿಯಾಗಿದ್ದರೆ ವಿಟಮಿನ್ ಬಿ12 ಬಗ್ಗೆ ನಿಮ್ಮ ವೈದ್ಯರನ್ನು ಕೇಳಿ. ಮೇಲೆ ಅಕ್ಕ ಹೇಳಿದ ಮೈಸೂರಿನ ಅಧ್ಯಯನದಲ್ಲಿಯೇ ಶೇಕಡ 43 ಬಸುರಿಯರಲ್ಲಿ ಅದು ಕಡಿಮೆಯಿತ್ತು, ಅಂಥವರಲ್ಲಿ ಇನ್ಸುಲಿನ್ ಪ್ರತಿರೋಧವೂ ಮಧುಮೇಹವೂ ಹೆಚ್ಚಾಗಿ ಕಂಡವು.

ಹಾಗಾದರೆ ಈ ಸಕ್ಕರೆಯನ್ನು ಇಳಿಸುವುದರಿಂದ ಆಗುವ ಲಾಭ ಖಚಿತವೇ ಎಂದರೆ, ಹೌದು. 2005ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪ್ರಯೋಗದಲ್ಲಿ ಸಾವಿರ ಗರ್ಭಿಣಿಯರಲ್ಲಿ ಅರ್ಧ ಜನರಿಗೆ ಪಥ್ಯ, ಮೀಟರು, ಬೇಕಾದರೆ ಇನ್ಸುಲಿನ್ ಕೊಟ್ಟರು. ಮಗುವಿಗೆ ಆಗುವ ಗಂಭೀರ ತೊಂದರೆಗಳು ಚಿಕಿತ್ಸೆ ಪಡೆಯದವರಲ್ಲಿ ಶೇಕಡ 4 ಇದ್ದದ್ದು ಪಡೆದವರಲ್ಲಿ ಶೇಕಡ 1ಕ್ಕೆ ಇಳಿಯಿತು. ಅಲ್ಲಿ ಯಾರೂ ಉರಿಯೂತವನ್ನು ಅಳೆದು ಔಷಧಿ ಕೊಡಲಿಲ್ಲ.

ತಿಪಟೂರಿನ ಟೀಚರ್

ಮೂವರಿಗೂ ಕೃತಜ್ಞತೆಗಳು. ಕ್ಯಾಪ್ಸೂಲಿನ ಆರ್ಡರನ್ನು ರದ್ದು ಮಾಡಿದೆ, ಮೀಟರು ತಂದಾಯಿತು. ಮೈಸೂರಿನ ಅಕ್ಕ ಹೇಳಿದ್ದು ಮೊದಲ ದಿನವೇ ನನ್ನಲ್ಲಿಯೂ ಕಂಡಿತು. ಬೆಳಿಗ್ಗೆ ಎರಡು ಅಕ್ಕಿ ರೊಟ್ಟಿಗೆ 148, ರಾತ್ರಿ ಅಷ್ಟೇ ರೊಟ್ಟಿಗೆ 121. ಎರಡು ಹೊತ್ತೂ ಒಂದೇ ಹಿಟ್ಟು, ಒಂದೇ ಚಟ್ನಿ.

ಒಂದು ಅನುಮಾನ ಉಳಿದಿದೆ. ಬೇಗ ಹೆರಿಗೆಯಾಗುವ ಲಕ್ಷಣ ಕಂಡರೆ ಮಗುವಿನ ಶ್ವಾಸಕೋಶ ಬಲಿಯಲೆಂದು ಸ್ಟೀರಾಯ್ಡ್ ಚುಚ್ಚುಮದ್ದು ಕೊಡುತ್ತಾರೆ, ಆಗ ಸಕ್ಕರೆ ಏರುತ್ತದೆ ಎಂದು ಆಸ್ಪತ್ರೆಯ ಶುಶ್ರೂಷಕಿ ಹೇಳಿದರು. ಸ್ಟೀರಾಯ್ಡ್ ಎಂದರೆ ಉರಿಯೂತವನ್ನು ತಗ್ಗಿಸುವ ಬಲವಾದ ಔಷಧಿ ತಾನೆ? ಉರಿಯೂತದಿಂದ ಪ್ರತಿರೋಧ ಹುಟ್ಟುವುದಾದರೆ ಅದನ್ನು ಕೊಟ್ಟಾಗ ಸಕ್ಕರೆ ಇಳಿಯಬೇಕಲ್ಲವೇ?

ನಿವೃತ್ತ ಮೇಷ್ಟ್ರು, ದಾವಣಗೆರೆ

ಪರೀಕ್ಷೆಯಲ್ಲಿ ಈ ಪ್ರಶ್ನೆಯನ್ನು ನನ್ನ ವಿದ್ಯಾರ್ಥಿಗಳಿಗೆ ಕೇಳಬೇಕಾಗಿತ್ತು, ಹೊಳೆಯದೆ ಹೋಯಿತು. ಡಾಕ್ಟರಮ್ಮನವರ ಆಕ್ಷೇಪವನ್ನೂ ಒಪ್ಪಿಕೊಂಡು, ಹೂಳಿನ ಹೋಲಿಕೆಯನ್ನು ಹಿಂದಕ್ಕೆ ತೆಗೆದುಕೊಂಡು ಉತ್ತರಿಸುತ್ತೇನೆ.

ಸ್ಟೀರಾಯ್ಡು ಉರಿಯೂತದ ಪ್ರೋಟೀನುಗಳನ್ನು ತಗ್ಗಿಸುವುದು ನಿಜ. ಆದರೆ ಅದು ಕಾರ್ಟಿಸಾಲ್ ಜಾತಿಯದು. ಯಕೃತ್ತಿಗೆ ಹೊಸದಾಗಿ ಗ್ಲೂಕೋಸ್ ತಯಾರಿಸಲು ಹೇಳುತ್ತದೆ, ಕೊಬ್ಬನ್ನು ಕರಗಿಸಿ ಕೊಬ್ಬಿನಾಮ್ಲಗಳನ್ನು ರಕ್ತಕ್ಕೆ ಬಿಡುತ್ತದೆ, ಸ್ನಾಯುವಿನಲ್ಲಿ ಇನ್ಸುಲಿನ್ನಿನ ಸಂಕೇತವನ್ನು ತನ್ನದೇ ದಾರಿಯಿಂದ ಕುಗ್ಗಿಸುತ್ತದೆ. ಒಂದು ಬಾಗಿಲನ್ನು ಮುಚ್ಚಿ ಮೂರು ಬಾಗಿಲು ತೆರೆದ ಹಾಗೆ. ನಿಮ್ಮ ಬೆಳಗಿನ 148ರ ಹಿಂದೆಯೂ ಅದೇ ಜಾತಿಯ ಹಾರ್ಮೋನಿನ ಕೈ ಇದೆ: ಕಾರ್ಟಿಸಾಲ್ ಬೆಳಗಿನ ಜಾವ ಏರಿ ದಿನ ಕಳೆದಂತೆ ಇಳಿಯುತ್ತದೆ. ಹೀಗಾಗಿ ಇನ್ಸುಲಿನ್ ಪ್ರತಿರೋಧವೆಂಬುದು ಒಂದೇ ಕಾರಣದ ಒಂದೇ ಫಲವಲ್ಲ, ಬೇರೆ ಬೇರೆ ಕಡೆಯಿಂದ ಬಂದು ಕೂಡುವ ಸ್ಥಿತಿ ಎಂದು ಹೇಳುವುದೇ ಹೆಚ್ಚು ಸರಿ. ಆ ದಾರಿಗಳಲ್ಲಿ ಉರಿಯೂತವೂ ಒಂದು. ಬೊಜ್ಜಿರುವವರಲ್ಲಿ ಅದರ ಪಾಲು ದೊಡ್ಡದಿರಬಹುದು, ನಿಮ್ಮಂಥವರಲ್ಲಿ ಬೀಟಾ ಕೋಶಗಳ ಪಾಲು ದೊಡ್ಡದಿರಬಹುದು.

ತಾಲ್ಲೂಕು ಆಸ್ಪತ್ರೆಯ ಪ್ರಸೂತಿ ವೈದ್ಯೆ

ಅದಕ್ಕೊಂದು ಸೇರಿಕೆ. ಸಕ್ಕರೆ ಏರುತ್ತದೆಂದು ಆ ಚುಚ್ಚುಮದ್ದನ್ನು ಬೇಡವೆನ್ನಬೇಡಿ, ಅವಧಿಗೆ ಮುಂಚೆ ಹುಟ್ಟುವ ಮಗುವಿನ ಉಸಿರು ಅದರ ಮೇಲೆ ನಿಂತಿರುತ್ತದೆ. ಕೊಟ್ಟ ಮೇಲೆ ಕೆಲವು ದಿನ ಸಕ್ಕರೆಯನ್ನು ಪದೇ ಪದೇ ನೋಡಿ ಇನ್ಸುಲಿನ್ ಹೊಂದಿಸುತ್ತೇವೆ, ಅಷ್ಟೆ.

148 ಎಂಬ ಒಂದೇ ಅಂಕಿಗೆ ಹೆದರಬೇಡಿ. ಎರಡು ವಾರದ ಎಲ್ಲ ಅಂಕಿಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ತಿಂದದ್ದರ ಸಮೇತ ಬರೆದುಕೊಂಡು ಹೋಗಿ. ಇನ್ನು ಅಕ್ಕ ಹೇಳಿದ ಆರು ವಾರದ ಪರೀಕ್ಷೆಯ ದಿನಾಂಕವನ್ನು ಈಗಲೇ ತಾಯಿ ಕಾರ್ಡಿನ ಮೇಲೆ ಪೆನ್ನಿನಲ್ಲಿ ಬರೆಸಿಕೊಳ್ಳಿ. ಮಗುವಿನ ಲಸಿಕೆಗಳಿಗೆ ಹೇಗೂ ಆರು ವಾರಕ್ಕೆ ಬರಲೇಬೇಕು, ಅದೇ ದಿನ ನಿಮ್ಮ 75 ಗ್ರಾಂ ಗ್ಲೂಕೋಸಿನ ಪರೀಕ್ಷೆಯೂ ಮುಗಿಯುತ್ತದೆ. ಆ ಪರೀಕ್ಷೆಗೆ ಮಾತ್ರ ಬರಿಹೊಟ್ಟೆಯಲ್ಲಿ ಬರಬೇಕು.

ಮೈಸೂರಿನ ಇಬ್ಬರು ಮಕ್ಕಳ ತಾಯಿ

ಲಸಿಕೆಯ ದಿನ ಎಂಬುದು ಒಳ್ಳೆಯ ಉಪಾಯ ಡಾಕ್ಟರೇ, ಮಗುವಿನ ನೆಪದಲ್ಲಾದರೆ ಬಾಣಂತಿಯನ್ನು ಮನೆಯವರು ಹೊರಗೆ ಕಳುಹಿಸುತ್ತಾರೆ. ಟೀಚರ್, ಅಕ್ಕಿ ರೊಟ್ಟಿ ಬಿಡಲಾಗದಿದ್ದರೆ ಹಿಟ್ಟಿಗೆ ಅರ್ಧದಷ್ಟು ತುರಿದ ಸೋರೆಕಾಯಿ, ಮೆಂತ್ಯ ಸೊಪ್ಪು, ನೆನೆಸಿದ ಕಡಲೆಬೇಳೆ ಸೇರಿಸಿ ತಟ್ಟಿ ನೋಡಿ. ನನಗೆ ಬೆಳಿಗ್ಗೆ ಒಂದು ಸಾಕಾಗುತ್ತಿತ್ತು.